ಮೂರು ಮಿಲಿಮೀಟರಿನ ಚಪ್ಪರ

ಅಮೆರಿಕದ ಲಾರಿ ಡ್ರೈವರೊಬ್ಬರ ಫೋಟೊ 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ವಯಸ್ಸು 69. ಆ ಮುಖದ ಎಡ ಅರ್ಧವನ್ನು ಅಂಗೈಯಿಂದ ಮುಚ್ಚಿ ನೋಡಿದರೆ ಅರವತ್ತರ ಆಸುಪಾಸಿನ, ಇನ್ನೂ ಗಟ್ಟಿಮುಟ್ಟಾದ ಮನುಷ್ಯ ಕಾಣಿಸುತ್ತಾರೆ. ಬಲ ಅರ್ಧವನ್ನು ಮುಚ್ಚಿದರೆ ಎಂಬತ್ತು ದಾಟಿದ ಮುದುಕ. ಎಡಗೆನ್ನೆಯ ಚರ್ಮ ಉತ್ತ ಹೊಲದಂತೆ ಸಾಲುಸಾಲಾಗಿ ಮಡಿಕೆ ಬಿದ್ದಿದೆ, ದಪ್ಪಗಾಗಿದೆ, ಕಣ್ಣಿನ ಕೆಳಗೆ ಚೀಲದ ಹಾಗೆ ಜೋತಿದೆ. ಎರಡೂ ಕೆನ್ನೆ ಒಂದೇ ತಾಯಿಯ ಹೊಟ್ಟೆಯಿಂದ ಬಂದದ್ದು, ಒಂದೇ ಊಟ ಉಂಡದ್ದು, ಒಂದೇ ದಿಂಬಿನ ಮೇಲೆ ಮಲಗಿದ್ದು. ಇದ್ದ ವ್ಯತ್ಯಾಸ ಒಂದೇ, ಕಿಟಕಿ. ಅವರು 28 ವರ್ಷ ಸರಕು ಸಾಗಿಸುವ ಲಾರಿ ಓಡಿಸಿದ್ದರು. ಅಲ್ಲಿ ಡ್ರೈವರ್ ಸೀಟು ಎಡಕ್ಕೆ. ಗಾಜಿನ ಮೂಲಕ ಬಂದ ಬಿಸಿಲು 28 ವರ್ಷ ಎಡಗೆನ್ನೆಯ ಮೇಲೇ ಬಿದ್ದಿತ್ತು.

ಆ ಫೋಟೊ ನೋಡಿದ ಮೇಲೆ ನಮ್ಮ ಲಾರಿ, ಬಸ್ ಡ್ರೈವರುಗಳ ಬಲಗೆನ್ನೆ, ಕಿಟಕಿಯಿಂದ ಹೊರಗೆ ಚಾಚಿದ ಬಲಗೈ ನೋಡದೆ ಇರಲು ನನಗೆ ಆಗುವುದಿಲ್ಲ. ಆದರೆ ಡ್ರೈವರಿಗೆ ಒಂದು ಗಾಜಾದರೂ ಇದೆ. ಸುಡುವ ಕಿರಣಗಳಲ್ಲಿ ಬಹುಪಾಲನ್ನು ಅದು ತಡೆಯುತ್ತದೆ, ಒಳಕ್ಕೆ ಇಳಿಯುವ ಉದ್ದನೆಯ ಅಲೆಗಳನ್ನು ಮಾತ್ರ ಬಿಡುತ್ತದೆ. ಅಷ್ಟಕ್ಕೇ ಮುಖ ಹಾಗಾದರೆ, ಗಾಜೂ ಇಲ್ಲದೆ, ಮಾಡೂ ಇಲ್ಲದೆ ದುಡಿಯುವವರ ಗತಿ ಏನು?

ಅಂಥವರು ಎಷ್ಟು ಜನ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಲೆಕ್ಕ ಹಾಕಿ, 2023ರ ನವೆಂಬರಿನಲ್ಲಿ ಪ್ರಕಟಿಸಿದವು. 2019ರಲ್ಲಿ ಬಯಲಿನಲ್ಲಿ ದುಡಿಯುತ್ತಾ ಸೂರ್ಯನ ನೇರಳಾತೀತ ಕಿರಣಕ್ಕೆ ಮೈಯೊಡ್ಡಿದವರು 160 ಕೋಟಿ. ದುಡಿಯುವ ವಯಸ್ಸಿನ ಪ್ರತಿ ನೂರು ಜನರಲ್ಲಿ 28 ಮಂದಿ. ಇಡೀ ಭಾರತದ ಜನಸಂಖ್ಯೆಯನ್ನು ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಒಂದು ಬಯಲಿಗೆ ತಂದು ನಿಲ್ಲಿಸಿದರೂ ಆ ಸಂಖ್ಯೆ ತುಂಬುವುದಿಲ್ಲ. ಹೀಗೆ ಬಿಸಿಲಿನಲ್ಲಿ ದುಡಿದದ್ದೇ ಕಾರಣವಾಗಿ ಮೆಲನೋಮ ಅಲ್ಲದ ಚರ್ಮದ ಕ್ಯಾನ್ಸರಿನಿಂದ ಆ ಒಂದು ವರ್ಷ ಸತ್ತವರು 18,960. ಅರ್ಧ ಗಂಟೆಯೂ ತುಂಬುವ ಮೊದಲು ಒಂದು ಸಾವು. 2000ದಲ್ಲಿ ಇದೇ ಲೆಕ್ಕ 10,088 ಇತ್ತು. ಇಪ್ಪತ್ತು ವರ್ಷದೊಳಗೆ ಹತ್ತಿರಹತ್ತಿರ ಎರಡು ಪಟ್ಟಾಯಿತು. ಈ ಬಗೆಯ ಕ್ಯಾನ್ಸರಿನಿಂದ ಸಾಯುವ ಮೂವರಲ್ಲಿ ಒಬ್ಬರಿಗೆ ಅದು ಕೆಲಸದ ಜಾಗದಲ್ಲೇ ಅಂಟಿದ್ದು. ಕೆಲಸದಿಂದ ಬರುವ ಕ್ಯಾನ್ಸರಿನ ಕಾರಣಗಳಲ್ಲಿ ಕಲ್ನಾರು ಮತ್ತು ಕಲ್ಲುಪುಡಿಯ ಸಿಲಿಕಾ ಧೂಳಿನ ನಂತರ ಮೂರನೆಯ ಸ್ಥಾನ ಸೂರ್ಯನದು.

ಕಲ್ನಾರಿಗೆ ಕಾಯ್ದೆ ಇದೆ, ಧೂಳಿಗೆ ಮಾಸ್ಕ್ ಇದೆ. ಬಿಸಿಲನ್ನು ಮಾತ್ರ ನಾವು ಹವಾಮಾನ ಅಂದುಕೊಂಡಿದ್ದೇವೆ.

ಈ ಬಿಸಿಲು ಬರುವುದು 15 ಕೋಟಿ ಕಿಲೋಮೀಟರ್ ದೂರದಿಂದ, 8 ನಿಮಿಷ 20 ಸೆಕೆಂಡಿನ ಪ್ರಯಾಣ. ಅಷ್ಟು ದೂರ ಅದಕ್ಕೆ ಅಡ್ಡಿಯೇ ಇಲ್ಲ. ಕೊಟ್ಟಕೊನೆಯಲ್ಲಿ, ನಮ್ಮ ತಲೆಯ ಮೇಲೆ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ತೆಳ್ಳಗೆ ಚದುರಿಕೊಂಡ ಓಝೋನ್ ಸಿಗುತ್ತದೆ. ಆ ಓಝೋನನ್ನೆಲ್ಲ ಕೆಳಗಿಳಿಸಿ ನಾವು ಉಸಿರಾಡುವ ಗಾಳಿಯ ಒತ್ತಡಕ್ಕೆ ತಂದರೆ ಸಿಗುವ ಪದರದ ದಪ್ಪ ಸರಾಸರಿ ಮೂರು ಮಿಲಿಮೀಟರ್. ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು. 15 ಕೋಟಿ ಕಿಲೋಮೀಟರ್ ದಾಟಿ ಬಂದದ್ದನ್ನು ತಡೆಯಲು ಇರುವ ಚಪ್ಪರ ಇಷ್ಟೇ. ನೇರಳಾತೀತದ ಮೂರು ಬಗೆಗಳಲ್ಲಿ ಅತಿ ಘೋರವಾದ ಯುವಿ-ಸಿ ಕಿರಣವನ್ನು ಅದು ಪೂರ್ತಿ ನುಂಗುತ್ತದೆ, ಯುವಿ-ಬಿಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹಿಡಿಯುತ್ತದೆ, ಯುವಿ-ಎಯನ್ನು ಬಹುತೇಕ ಬಿಟ್ಟುಬಿಡುತ್ತದೆ. ಉಷ್ಣವಲಯದ ನಮ್ಮ ಮೇಲಂತೂ ಈ ಚಪ್ಪರ ಇನ್ನೂ ತೆಳು, ಸುಮಾರು ಎರಡೂವರೆ ಮಿಲಿಮೀಟರ್.

ಅದನ್ನೂ ನಾವು ಹರಿಯುವುದರಲ್ಲಿದ್ದೆವು. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಅನಿಲ ಓಝೋನನ್ನು ತಿನ್ನುತ್ತದೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಹೇಳಿದರು. ಅಂಟಾರ್ಕ್ಟಿಕಾದ ಮೇಲಿನ ತೂತನ್ನು 1985ರಲ್ಲಿ ಜಗತ್ತು ಕಂಡಿತು. 1987ರಲ್ಲಿ ಆ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು. ಆ ಒಂದು ಒಪ್ಪಂದದಿಂದ ಅಮೆರಿಕ ದೇಶವೊಂದರಲ್ಲೇ, 1890ರಿಂದ 2100ರವರೆಗೆ ಹುಟ್ಟಿದ, ಹುಟ್ಟಲಿರುವ ಜನರಿಗೆ ತಪ್ಪುವ ಚರ್ಮದ ಕ್ಯಾನ್ಸರುಗಳು 44 ಕೋಟಿ 30 ಲಕ್ಷ ಎಂದು ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿದೆ. ಮೇಲಿನ ಚಪ್ಪರವನ್ನು ಹೊಲಿದುಕೊಳ್ಳುವಷ್ಟು ಒಗ್ಗಟ್ಟು ಮನುಷ್ಯರಿಗೆ ಒಮ್ಮೆ ಬಂದಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಚಪ್ಪರ ದಾಟಿ ಕೆಳಗಿಳಿದದ್ದನ್ನು ಅಳೆಯಲು ಯುವಿ ಸೂಚ್ಯಂಕ ಎಂಬ ಅಳತೆಗೋಲು ಇದೆ. ಕೆನಡಾದವರು 1992ರಲ್ಲಿ ಮಾಡಿದ್ದು. ಮೂರು ಮುಟ್ಟಿದರೆ ರಕ್ಷಣೆ ಬೇಕು, ಹನ್ನೊಂದು ಮುಟ್ಟಿದರೆ ವಿಪರೀತ. ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅದು ಹನ್ನೊಂದನ್ನು ದಾಟುವುದು ಮಾಮೂಲು. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ ಇರುವುದೂ ಒಂದು ಕಾರಣ: ಪ್ರತಿ ಸಾವಿರ ಮೀಟರಿಗೆ ನೇರಳಾತೀತ ನೂರಕ್ಕೆ ಹತ್ತರಷ್ಟು ಏರುತ್ತದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಅಂಗಳದಲ್ಲಿ ಬಾಟಲಿ, ಡಬ್ಬಿ ನಿಲ್ಲಿಸಿ ನೋಡಿ ಖುಷಿಪಡುತ್ತಾರೆ. ಅದೇ ಗಳಿಗೆಯಲ್ಲಿ ಸೆಂಟ್ರಿಂಗ್ ಹಲಗೆಯ ಮೇಲೆ ಕಬ್ಬಿಣ ಕಟ್ಟುವವನ ನೆತ್ತಿಗೆ, ಮೂಗಿನ ಗೆರೆಗೆ, ಕಿವಿಯ ತುದಿಗೆ, ಹೆಗಲಿಗೆ ಕಿರಣ ಅತಿ ಚಿಕ್ಕ ದಾರಿ ಹಿಡಿದು ಇಳಿದಿರುತ್ತದೆ.

ಸೂಚ್ಯಂಕ 12 ಅಂದರೆ ಎಷ್ಟು? ನಡುಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲಿನ ಒಟ್ಟು ಶಕ್ತಿ ಸುಮಾರು 1,000 ವಾಟ್. ಅದರಲ್ಲಿ ಚರ್ಮವನ್ನು ಸುಡುವ ಬಲಕ್ಕೆ ತಕ್ಕಂತೆ ತೂಗಿ ಲೆಕ್ಕ ಹಾಕಿದ ನೇರಳಾತೀತ ಬರೀ 0.3 ವಾಟ್. ಮೂರು ಸಾವಿರದಲ್ಲಿ ಒಂದು ಪಾಲು! ಎಲ್ಲ ಕಿತಾಪತಿಯೂ ಆ ಒಂದು ಪಾಲಿನದೇ. ಅದನ್ನೇ ಬೆಳಕಿನ ಕಣಗಳಲ್ಲಿ ಎಣಿಸಿದರೆ, ಹೆಬ್ಬೆರಳಿನ ಉಗುರಿನಷ್ಟು ಚರ್ಮಕ್ಕೆ ಪ್ರತಿ ಸೆಕೆಂಡೂ ಬಡಿಯುವ ಕಣಗಳು ಹತ್ತಾರು ಲಕ್ಷ ಕೋಟಿ. ತೆಳುಬಣ್ಣದ ಚರ್ಮ ಈ ಬಿಸಿಲಿನಲ್ಲಿ ಹನ್ನೊಂದು, ಹನ್ನೆರಡು ನಿಮಿಷಕ್ಕೆ ಕೆಂಪಾಗಲು ಶುರು. ಎಂಟು ಗಂಟೆಯ ಕೆಲಸಕ್ಕೆ ಇಷ್ಟು ನೇರಳಾತೀತ ಸಾಕು ಎಂದು ತಜ್ಞರು ಜಗತ್ತಿಗೆಲ್ಲ ಹಾಕಿಕೊಟ್ಟ ಮಿತಿ ಇದೆಯಲ್ಲ, ಅದು ಅತಿ ಸೂಕ್ಷ್ಮ ಚರ್ಮವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಬಯಲಿನಲ್ಲಿ ಏಳೆಂಟು ನಿಮಿಷಕ್ಕೇ ಮುಗಿದುಹೋಗುತ್ತದೆ. ಎಂಟು ಗಂಟೆಯ ಪಾಲು, ಒಂದು ಬೀಡಿ ಸೇದಿ ಮುಗಿಸುವ ಹೊತ್ತಿಗೆ ಖಾಲಿ.

ಇನ್ನೊಂದು ಮಾತು. ನೇರಳಾತೀತಕ್ಕೆ ಬಿಸಿ ಇಲ್ಲ. ನಮಗೆ ಚುರುಕು ಮುಟ್ಟಿಸುವುದು ಬೇರೆ ಕಿರಣ. ತಂಗಾಳಿ ಬೀಸುವ ಬೆಟ್ಟದ ಮೇಲೆ, ತೆಳುಮೋಡದ ದಿನ ‘ಇವತ್ತು ಬಿಸಿಲೇ ಇಲ್ಲ’ ಅನ್ನುತ್ತೇವೆ. ಮೋಡ ತೆಳುವಾಗಿದ್ದರೆ ನೂರಕ್ಕೆ ಎಂಬತ್ತರಷ್ಟು ನೇರಳಾತೀತ ಅದರೊಳಗಿಂದ ಸಲೀಸಾಗಿ ಬರುತ್ತದೆ. ಬೆವರಿಗೆ ಅದು ಗೊತ್ತಾಗುವುದಿಲ್ಲ. ಚರ್ಮಕ್ಕೆ ಗೊತ್ತಾಗುತ್ತದೆ.

ಹೇಗೆ ಗೊತ್ತಾಗುತ್ತದೆ ಎಂಬುದೇ ಬೆರಗು. ಜೋರು ಬಿಸಿಲಿಗೆ ಒಡ್ಡಿಕೊಂಡ ಒಂದೇ ಒಂದು ಜೀವಕೋಶದ ಡಿಎನ್‌ಎಯಲ್ಲಿ ಒಂದು ದಿನದಲ್ಲಿ ಬೀಳುವ ಪೆಟ್ಟುಗಳು ಒಂದು ಲಕ್ಷದವರೆಗೂ ಹೋಗುತ್ತವೆ. ಅಕ್ಕಪಕ್ಕದ ಎರಡು ಅಕ್ಷರ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ, ಪುಟ ಒದ್ದೆಯಾಗಿ ಹಾಳೆ ಹಾಳೆಗೆ ಅಂಟಿದ ಹಾಗೆ. ಆ ಅಂಟಿದ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸುವ ಕೆಲಸ ನಮ್ಮೊಳಗೆ ಹಗಲೂ ರಾತ್ರಿ ನಡೆದಿದೆ. ಆ ರಿಪೇರಿ ಹೇಗೆ ನಡೆಯುತ್ತದೆ ಎಂದು ತೋರಿಸಿದ ಟರ್ಕಿ ಮೂಲದ ಅಜೀಜ್ ಸಂಜಾರ್ 2015ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಆದರೆ ರಿಪೇರಿ ಎಂದೂ ನೂರಕ್ಕೆ ನೂರು ಆಗುವುದಿಲ್ಲ. ಅದೇ 2015ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು, ಜೋತುಬಿದ್ದ ರೆಪ್ಪೆ ಸರಿಮಾಡುವ ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಕಣ್ಣುರೆಪ್ಪೆಯ ಚರ್ಮವನ್ನು ಪರೀಕ್ಷಿಸಿದರು. ಕ್ಯಾನ್ಸರ್ ಇರಲಿಲ್ಲ, ಕಣ್ಣಿಗೆ ಏನೂ ಕಾಣದ ಸಾಮಾನ್ಯ ಚರ್ಮ. ಅದರ ಜೀವಕೋಶಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಆಗಲೇ ಕ್ಯಾನ್ಸರಿನ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದವು. ಒಂದೊಂದು ಕೋಶದಲ್ಲೂ ಸಾವಿರಾರು ಬದಲಾವಣೆಗಳು. ಬಿಸಿಲಿನ ಸಹಿ ಎಷ್ಟು ಸ್ಪಷ್ಟವೆಂದರೆ, ಯಾವ ಅಕ್ಷರ ಹೇಗೆ ಬದಲಾಗಿದೆ ಎಂದು ನೋಡಿಯೇ ಇದು ಸೂರ್ಯನದು ಎಂದು ಹೇಳಬಹುದು.

ಈಗ ನಿಮ್ಮ ತೋಳನ್ನು ಎತ್ತಿ ಕಂಕುಳ ಬಳಿಯ ಚರ್ಮ ನೋಡಿ, ಆಮೇಲೆ ಅಂಗೈ ತಿರುಗಿಸಿ ಕೈಯ ಹಿಂಭಾಗ ನೋಡಿ. ಎರಡರದೂ ಒಂದೇ ವಯಸ್ಸು. ಒಂದು ಹಸುಳೆಯ ಹಾಗೆ ನುಣುಪು, ಇನ್ನೊಂದು ಒರಟು, ಗೆರೆಗೆರೆ. ವಯಸ್ಸು ಎಂದು ನಾವು ಕರೆಯುವುದರಲ್ಲಿ ಬಿಸಿಲಿನದು ಎಷ್ಟು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಜರ್ಮನಿಯ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ 1894ರಲ್ಲೇ ಇದನ್ನು ಹಡಗಿನ ನಾವಿಕರ ಮೈಯಲ್ಲಿ ಕಂಡು, ಅದಕ್ಕೆ ‘ನಾವಿಕರ ಚರ್ಮ’ ಎಂದು ಹೆಸರಿಟ್ಟು, ಅದರಲ್ಲಿ ಕ್ಯಾನ್ಸರ್ ಹುಟ್ಟುವುದನ್ನೂ ಬರೆದಿಟ್ಟ. ಬಿಸಿಲು ಕ್ಯಾನ್ಸರ್ ತರುತ್ತದೆಂಬ ಅರಿವು ಶುರುವಾದದ್ದು ಸಮುದ್ರತೀರದಲ್ಲಿ ಮೈಕಾಯಿಸಿಕೊಳ್ಳುವ ಶ್ರೀಮಂತರಿಂದಲ್ಲ, ಡೆಕ್ಕು ತಿಕ್ಕುವ ಕೂಲಿಗಳಿಂದ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಈ ಸಾವಿನ ಲೆಕ್ಕ ಎಲ್ಲ ಬಣ್ಣದವರ ಮೇಲೂ ಒಂದೇ ಸಮ ಬೀಳುವುದಿಲ್ಲ. ನಮ್ಮ ಕಂದು ಚರ್ಮದ ಮೆಲನಿನ್ ದೊಡ್ಡ ಕೊಡೆ. ಕಪ್ಪು ಚರ್ಮದ ಹೊರಪದರ ಯುವಿ-ಬಿಯಿಂದ ಸರಾಸರಿ 13.4 ಪಟ್ಟು ರಕ್ಷಣೆ ಕೊಟ್ಟರೆ ಬಿಳಿ ಚರ್ಮದ್ದು 3.4 ಪಟ್ಟು ಎಂದು 1979ರ ಅಧ್ಯಯನವೊಂದು ಅಳೆದಿತ್ತು. ನಾವು ನಡುವೆ ಎಲ್ಲೋ ಇದ್ದೇವೆ. ಹಾಗಾಗಿ ಆಸ್ಟ್ರೇಲಿಯಾದಲ್ಲಿ 70 ತುಂಬುವ ಹೊತ್ತಿಗೆ ಮೂವರಲ್ಲಿ ಇಬ್ಬರಿಗೆ ಬರುವ ಚರ್ಮದ ಕ್ಯಾನ್ಸರ್ ಭಾರತದಲ್ಲಿ ಅಪರೂಪ. ‘ಹಾಗಾದರೆ ನಮಗೇಕೆ ಇದು’ ಎಂದು ಕೇಳುವವರಿಗೆ ನಾನು ಎರಡು ಉತ್ತರ ಕೊಡುತ್ತೇನೆ.

ಮೊದಲನೆಯದು, ಆ ಕೊಡೆ ಇಲ್ಲದೆ ಹುಟ್ಟುವವರು ನಮ್ಮಲ್ಲೂ ಇದ್ದಾರೆ. ಆಲ್ಬಿನಿಸಂ ಇರುವ, ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಿರುವ ಮಕ್ಕಳು. ನೈಜೀರಿಯಾದಲ್ಲಿ ಅಂಥ ಸಾವಿರ ಮಂದಿಯನ್ನು ಪರೀಕ್ಷಿಸಿದ ವೈದ್ಯರು 1975ರಲ್ಲಿ ಬರೆದರು: ಇಪ್ಪತ್ತು ದಾಟಿದವರಲ್ಲಿ ಕ್ಯಾನ್ಸರಾಗಲಿ ಅದರ ಮುನ್ಸೂಚನೆಯಾಗಲಿ ಇಲ್ಲದ ಚರ್ಮ ಒಬ್ಬರದೂ ಇರಲಿಲ್ಲ. ಒಬ್ಬರದೂ! ಸುಮಾರು 1,400 ಜನರಲ್ಲಿ ಒಬ್ಬರಿಗೆ ಆಲ್ಬಿನಿಸಂ ಇರುವ ಟಾಂಜಾನಿಯಾದಲ್ಲಿ, ಕಿಲಿಮಾಂಜಾರೊ ತಪ್ಪಲಿನ ಮೋಶಿ ಊರಿನ ಆಸ್ಪತ್ರೆಯಲ್ಲೇ ಇವರಿಗಾಗಿ ಸನ್‌ಸ್ಕ್ರೀನ್ ತಯಾರಿಸಿ ಪುಕ್ಕಟೆ ಹಂಚುತ್ತಾರೆ. ಅಂಥ ಹುಡುಗನನ್ನು ನಾವು ಹೊಲದ ಕೆಲಸಕ್ಕೆ, ಕುರಿ ಕಾಯಲು ಕಳಿಸಿದರೆ ಅದು ಅವನ ಆಯಸ್ಸನ್ನು ಕಡಿಯುವ ಕೆಲಸ. ನೆರಳಿನಲ್ಲಿ ಮಾಡುವ ಕಸುಬು ಕಲಿಸುವುದು ಅವನ ಪಾಲಿನ ಔಷಧಿ.

ಎರಡನೆಯದು, ಕಣ್ಣು. ಕಣ್ಣಿನ ಪಾರದರ್ಶಕ ಭಾಗಗಳಿಗೆ ಮೆಲನಿನ್ನಿನ ಕೊಡೆ ಇಲ್ಲ. ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚೆಸಪೀಕ್ ಕೊಲ್ಲಿಯಲ್ಲಿ ಏಡಿ, ಸಿಂಪಿ ಹಿಡಿದು ಬದುಕುವ 838 ಬೆಸ್ತರ ಕಣ್ಣನ್ನು ಹ್ಯೂ ಟೇಲರ್ ಮತ್ತು ಜೊತೆಗಾರರು ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಯಾವ ವಯಸ್ಸಿನಲ್ಲಿ ಎಷ್ಟು ಹೊತ್ತು ನೀರಿನ ಮೇಲೆ, ಟೋಪಿ ಇತ್ತೇ, ಕನ್ನಡಕ ಇತ್ತೇ ಎಂದು ಒಬ್ಬೊಬ್ಬರ ಇಡೀ ಬದುಕನ್ನು ಕೇಳಿ ಲೆಕ್ಕ ಕಟ್ಟಿದರು. ಬದುಕಿನುದ್ದಕ್ಕೂ ಕಣ್ಣಿಗೆ ಬಿದ್ದ ಯುವಿ-ಬಿ ಎರಡು ಪಟ್ಟಾದರೆ ಒಂದು ಬಗೆಯ ಪೊರೆ ಬರುವ ಸಂಭವ 1.6 ಪಟ್ಟಾಗುತ್ತಿತ್ತು. ಅಂಚಿರುವ ಒಂದು ಟೋಪಿ ಕಣ್ಣಿಗೆ ಬೀಳುವುದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಮಲ್ಪೆ, ಕಾರವಾರದ ದೋಣಿಗಳಲ್ಲಿ ದಿನವಿಡೀ ನೀರಿನ ಹೊಳಪಿಗೆ ಕಣ್ಣು ಕಿರಿದು ಮಾಡಿಕೊಂಡು ಬಲೆ ಎಳೆಯುವವರಿಗೆ, ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಮೇಲಕ್ಕೆ ಮಾಂಸದ ಪದರ ಹಬ್ಬಿದ ಮುದುಕರಿಗೆ ಈ ಲೆಕ್ಕದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸೂರ್ಯನನ್ನು ಅಳೆಯುವುದು ನಮಗೆ ಬಾರದ ವಿದ್ಯೆಯೇನಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನ ನೇರಳಾತೀತ ಚಿತ್ರವನ್ನು ತೆಗೆಯುತ್ತಿದೆ. ಅದನ್ನು ನಡೆಸುವುದು ಬೆಂಗಳೂರಿನಿಂದ. ಪಾವಗಡದಲ್ಲಿ 13,000 ಎಕರೆ ನೆಲದ ಮೇಲೆ ಫಲಕ ಹಾಸಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಕಟ್ಟಿದ್ದೇವೆ. ಅಲ್ಲಿ ಫಲಕದ ಮೇಲೆ ಬಿದ್ದ ಬಿಸಿಲಿಗೆ ಯೂನಿಟ್ ಲೆಕ್ಕದಲ್ಲಿ ದುಡ್ಡು. ಆ ಫಲಕಗಳ ಧೂಳು ಒರೆಸುವವನ ಬೆನ್ನಿನ ಮೇಲೆ ಬಿದ್ದದ್ದಕ್ಕೆ ಮೀಟರ್ ಇಲ್ಲ.

ಬೇರೆ ಕಡೆ ಮೀಟರ್ ಹಾಕಿದ್ದಾರೆ. ಜರ್ಮನಿ 2015ರ ಜನವರಿ 1ರಿಂದ ಬಿಸಿಲಿನ ದುಡಿಮೆಯಿಂದ ಬರುವ ಚರ್ಮದ ಕ್ಯಾನ್ಸರಿನ ಒಂದು ಬಗೆಯನ್ನು ಔದ್ಯೋಗಿಕ ಕಾಯಿಲೆ ಎಂದು ಕಾನೂನಿನ ಪಟ್ಟಿಗೆ ಸೇರಿಸಿತು, ಸಂಖ್ಯೆ 5103. ಮಾಡು ಹೊದಿಸುವವನಿಗೆ, ರಸ್ತೆ ಮಾಡುವವನಿಗೆ ಅಂಥ ಕ್ಯಾನ್ಸರ್ ಬಂದರೆ ಅದು ಅವನ ಹಣೆಬರಹ ಅಲ್ಲ, ಕೆಲಸದಿಂದ ಆದ ಗಾಯ. ವಿಮೆ ಹೊಣೆ ಹೊರಬೇಕು. 2019ರಿಂದ, ಬೇಸಿಗೆಯ ಕಟುಬಿಸಿಲಿನಲ್ಲಿ ದಿನಕ್ಕೆ ಒಂದು ಗಂಟೆಯಂತೆ ವರ್ಷಕ್ಕೆ 50 ದಿನ ದುಡಿಯುವವರಿಗೆ ಮಾಲೀಕರು ವೈದ್ಯರ ತಪಾಸಣೆ ಒದಗಿಸಲೇಬೇಕು. ಐವತ್ತು ದಿನ! ನಮ್ಮ ಗಾರೆ ಕೆಲಸದವರು ಯುಗಾದಿಯಿಂದ ಮುಂಗಾರು ಹಿಡಿಯುವುದರೊಳಗೇ ಅದನ್ನು ದಾಟಿರುತ್ತಾರೆ. ಕರಾವಳಿಯಿಂದ ಹೋದ ನಮ್ಮವರು ದುಡಿಯುವ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲು ಕೆಲಸಕ್ಕೆ ತಡೆ. ಮುರಿದರೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಾಂ ದಂಡ. ಅದು ಸೆಕೆಗಾಗಿ ಮಾಡಿದ ನಿಯಮ, ಆದರೂ ಕಿರಣದ ಉತ್ತುಂಗದ ಹೊತ್ತೂ ಸ್ವಲ್ಪ ಹೆಚ್ಚುಕಡಿಮೆ ಅದೇ.

ನಮ್ಮಲ್ಲೂ ಇದರ ಅರಿವು ಇಲ್ಲದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವ ಗುಮಾಸ್ತನಿಗೆ ಸೂರ್ಯನ ಗಡಿಯಾರ, ಕಚೇರಿಯ ಮುಂದಿನ ರಸ್ತೆಗೆ ಡಾಂಬರು ಹಾಕುವವನಿಗೆ ಗುತ್ತಿಗೆದಾರನ ಗಡಿಯಾರ. ಇದು ನನ್ನ ಎದೆ ಚುಚ್ಚುವ ಸಂಗತಿ. ಒಂದು ದಿನದ ನೇರಳಾತೀತದಲ್ಲಿ ನೂರಕ್ಕೆ ಅರವತ್ತರಷ್ಟು ಇಳಿಯುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ. ನಾಲ್ಕೇ ಗಂಟೆ. ಎಳೆಬಿಸಿಲಿಗೆ ನೇಗಿಲು ಹೂಡಿ, ಹೊತ್ತು ನೆತ್ತಿಗೆ ಏರುವಷ್ಟರಲ್ಲಿ ನೊಗ ಇಳಿಸಿ, ಮರದ ಕೆಳಗೆ ಬುತ್ತಿ ಬಿಚ್ಚಿ, ಹೊತ್ತು ವಾಲಿದ ಮೇಲೆ ಮತ್ತೆ ಹೊಲಕ್ಕಿಳಿಯುತ್ತಿದ್ದ ಒಕ್ಕಲಿಗನಿಗೆ ಈ ಅಂಕಿ ಗೊತ್ತಿರಲಿಲ್ಲ, ವರಸೆ ಗೊತ್ತಿತ್ತು. ದಿನಗೂಲಿಗೆ ಬಂದವನು ಆ ವರಸೆಯನ್ನು ಊರಲ್ಲೇ ಬಿಟ್ಟು ಬರಬೇಕಾಯಿತು.

ಸನ್‌ಸ್ಕ್ರೀನ್ ಹಚ್ಚಿ ಅನ್ನುವವರಿದ್ದಾರೆ. ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನಂಬೂರ್ ಪಟ್ಟಣದಲ್ಲಿ 1992ರಿಂದ 1996ರವರೆಗೆ 1,621 ಜನರ ಮೇಲೆ ನಡೆದ ಪ್ರಯೋಗದಲ್ಲಿ ದಿನಾ ಹಚ್ಚಿದವರಿಗೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ನೂರಕ್ಕೆ ನಲವತ್ತರಷ್ಟು ಕಡಿಮೆಯಾಯಿತು. ಆದರೆ ಕೂಲಿಯವರ ಲೆಕ್ಕ ನಾನು ಹಾಕಿ ನೋಡಿದೆ. ಮುಖ, ಕತ್ತು, ಎರಡು ತೋಳಿಗೆ ಸರಿಯಾಗಿ ಹಚ್ಚಲು ಒಂದು ಸಲಕ್ಕೆ ಮೂರು ಚಮಚ, 15 ಮಿಲಿಲೀಟರ್. ಬೆವರಿಗೆ ತೊಳೆದುಹೋಗುವುದರಿಂದ ಎರಡೆರಡು ಗಂಟೆಗೆ ಮತ್ತೆ. ದಿನಕ್ಕೆ ನಾಲ್ಕು ಸಲ, 60 ಮಿಲಿಲೀಟರ್. ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರಿನ ಟ್ಯೂಬು ಒಂದು ದಿನಕ್ಕೇ ಸಾಲದು. ಅದರ ಬೆಲೆ ದಿನಗೂಲಿಯ ದೊಡ್ಡ ಪಾಲು. ತಲೆಗೆ ಸುತ್ತಿದ ಟವೆಲ್ಲು, ಮೈಮೇಲಿನ ಬಿಳಿ ಬನಿಯನ್ನು? ಒಣಗಿದ ಬಿಳಿ ಹತ್ತಿಯ ಟೀ-ಶರ್ಟು ಏಳರಲ್ಲಿ ಒಂದು ಪಾಲು ಕಿರಣವನ್ನು ಒಳಗೆ ಬಿಡುತ್ತದೆ. ಬೆವರಿಗೆ ತೊಯ್ದರೆ ಮೂರರಲ್ಲಿ ಒಂದು ಪಾಲು. ದುಡಿದಷ್ಟೂ ಬಟ್ಟೆ ಒದ್ದೆ, ಒದ್ದೆಯಾದಷ್ಟೂ ತೆರೆದ ಬಾಗಿಲು. ಒತ್ತಾಗಿ ನೇಯ್ದ, ಕಡುಬಣ್ಣದ, ಸಡಿಲವಾದ ತುಂಬುತೋಳಿನ ಅಂಗಿ ಬೇಕು. ಏಳೂವರೆ ಸೆಂಟಿಮೀಟರ್ ಅಂಚಿನ ಟೋಪಿ ಬೇಕು, ಹೆಲ್ಮೆಟ್ಟಿಗಾದರೆ ಸುತ್ತ ಅಂಚು, ಕತ್ತಿಗೆ ಇಳಿಬಿಟ್ಟ ಬಟ್ಟೆ. ಇವೆಲ್ಲ ಒಂದು ಸಲ ಕೊಂಡರೆ ವರ್ಷ ಬಾಳುವಂಥವು. ಕೊಳ್ಳಬೇಕಾದವನು ಕೂಲಿಯವನಲ್ಲ, ಕೆಲಸ ಕೊಟ್ಟವನು.

ಎಲ್ಲಕ್ಕಿಂತ ಅಗ್ಗದ್ದು ನೆರಳು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಕುಡಿಯುವ ನೀರಿನ ಪಕ್ಕದಲ್ಲಿ ನೆರಳನ್ನೂ ಬರೆದಿದ್ದರು. ನಾಲ್ಕು ಗಳ, ಒಂದು ತಾಡಪತ್ರಿ, ನಾಲ್ಕು ಗೂಟ, ಒಂದಷ್ಟು ಹುರಿಹಗ್ಗ. ಅಗಲ ಕಿರಿದಾದರೆ ಆಕಾಶದಿಂದ ಚದುರಿ ಬರುವ ಕಿರಣ ಪಕ್ಕದಿಂದ ನುಗ್ಗುತ್ತದೆ, ಹಾಗಾಗಿ ಅಗಲವಾಗಿರಬೇಕು, ತಗ್ಗಿರಬೇಕು. ಕಬ್ಬಿಣ ಬಗ್ಗಿಸುವ ಜಾಗ, ಜಲ್ಲಿ ಸೋಸುವ ಜಾಗ, ಕಲ್ಲು ಒಡೆಯುವ ಜಾಗ, ಇವೆಲ್ಲ ಅದರ ಕೆಳಗೆ ಬರುವಂಥವೇ. ಬೆಳಿಗ್ಗೆ ಕಟ್ಟಿದ ನೆರಳು ಹನ್ನೊಂದಕ್ಕೆ ಬೇರೆ ಕಡೆ ಸರಿದಿರುತ್ತದೆ, ಯಾರಾದರೂ ಎದ್ದು ಒಂದು ಬದಿಯ ಹಗ್ಗ ಬಿಚ್ಚಿ ಇನ್ನೊಂದು ಗೂಟಕ್ಕೆ ಎಳೆದು ಕಟ್ಟಬೇಕು. ಐದು ನಿಮಿಷದ ಕೆಲಸ. ಗಂಟಿಗೆ ಕೈಹಾಕಿದಾಗ ಸೂರ್ಯನಿಂದ ಹೊರಟ ಬೆಳಕು, ಹೊಸ ಗಂಟು ಬಿಗಿದು ಮುಗಿಸಿದಾಗ ಇನ್ನೂ ದಾರಿಯಲ್ಲೇ ಇರುತ್ತದೆ.